ಸಿಂಗಪುರದಿಂದ ಆರಿಸಿದ ಭಟ್ಟಿ

ನಾನು ಓದು ನಿಲ್ಲಿಸಿದ್ದು ೧೯೬೩ರಲ್ಲಿ, ಏಳನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೇಷ್ಟರು ಮನೆಗೇ ಬಂದು ನಮ್ಮಪ್ಪನ ಎದುರು, "ಹುಡುಗ ಲೆಕ್ಕದಲ್ಲಿ ಚುರುಕು" ಎಂದರು. ಚುರುಕಾಗಿದ್ದರಿಂದಲೇ ಬಿಟ್ಟದ್ದು. ಮನೆಯಲ್ಲಿ ಉಣ್ಣುವ ಬಾಯಿಗಳು ಎಷ್ಟು, ದುಡಿಯುವ ಕೈಗಳು ಎಷ್ಟು ಎಂಬ ಲೆಕ್ಕ ನನಗೆ ಮೇಷ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ಒಂದು ಬೇಕರಿಯಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಹಿಟ್ಟು ನಾದುವುದಕ್ಕೆ ಬಂದೆ, ಅಲ್ಲಿಂದ ಭಟ್ಟಿಯ ಬಾಯಿಗೆ. ಈಗ ಮಂಡ್ಯದಲ್ಲಿ ನನ್ನದೇ ಬೇಕರಿ ಇದೆ.

ಭಟ್ಟಿ ಎಂದರೆ ಏನೆಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅದೊಂದು ಇಟ್ಟಿಗೆಯ ಗುಹೆ. ಒಳಗೆ ಸೌದೆ ಉರಿಸಿ, ಕೆಂಡ ಎಳೆದುಹಾಕಿ, ಇಟ್ಟಿಗೆ ಹಿಡಿದುಕೊಂಡ ಕಾವಿನಲ್ಲೇ ಬನ್ನು, ಬ್ರೆಡ್ಡು ಬೇಯಿಸುವುದು. ನಿನ್ನೆಯ ಕಾವಿನ ಮೇಲೆ ಇವತ್ತಿನ ಕಾವು ಕೂರಬೇಕು. ಹಾಗಾಗಿ ಸೌದೆ ಭಟ್ಟಿ ಇಟ್ಟ ಯಾವನೂ ಅದನ್ನು ಪೂರ್ತಿ ತಣ್ಣಗಾಗಲು ಬಿಡುವುದಿಲ್ಲ. ಹಬ್ಬಕ್ಕೂ ಇಲ್ಲ, ಮನೆಯಲ್ಲಿ ಸಾವಾದರೂ ಇಲ್ಲ. ಬಿಟ್ಟರೆ ಗುಮ್ಮಟ ಬಿರುಕು ಬಿಡುತ್ತದೆ ಎಂಬ ಭಯ ಒಂದು. ಇನ್ನೊಂದು, ಮಾನ. "ಅವನ ಭಟ್ಟಿ ಆರಿತಂತೆ" ಎಂದರೆ ನಮ್ಮ ಕಸುಬಿನಲ್ಲಿ ಅದಕ್ಕಿಂತ ಕೀಳು ಮಾತಿಲ್ಲ.

ಪರದೇಶಕ್ಕೆ ಹೋದವರು ನೋಡಿದ್ದನ್ನು ಬರೆಯುತ್ತಾರೆ. ೧೯೯೬ರಲ್ಲಿ ನಾನು ಸಿಂಗಪುರಕ್ಕೆ ಹೋದದ್ದು ನೋಡುವುದಕ್ಕಲ್ಲ, ಒಂದು ಕಬ್ಬಿಣದ ಭಟ್ಟಿ ಕೊಳ್ಳುವುದಕ್ಕೆ. ಹಕ್ಕಿಗಳ ತೋಟ, ಸಿಂಹದ ಬೊಂಬೆ ಯಾವುದನ್ನೂ ನಾನು ನೋಡಲಿಲ್ಲ. ಅದನ್ನು ಬಯಸುವವರು ಬೇರೆಯವರ ಬರಹ ಓದಿಕೊಳ್ಳಬಹುದು.

ಬಿಶಾನ್

ಇಳಿದುಕೊಂಡದ್ದು ಬಿಶಾನ್‌ನಲ್ಲಿ, ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಶ್ರೀಧರನ ಮನೆಯಲ್ಲಿ. ಅವನು ಇಂಜಿನಿಯರ್. ಅಲ್ಲಿನ ಸರ್ಕಾರಿ ವಸತಿಯ ಕಟ್ಟಡಗಳು ಬ್ರೆಡ್ಡಿನ ಅಚ್ಚುಗಳ ಹಾಗೆ ಸಾಲಾಗಿ ನಿಂತಿವೆ. ನೆತ್ತಿಯ ಮೇಲೆ ನಂಬರ್ ಬರೆಯದೆ ಹೋಗಿದ್ದರೆ ಅಲ್ಲಿ ಹುಟ್ಟಿದವರಿಗೂ ಮನೆ ಸಿಗುತ್ತಿರಲಿಲ್ಲ.

ಶ್ರೀಧರನದು ಏಳನೆಯ ಮಹಡಿ. ಮೊದಲ ಸಂಜೆ ಒಬ್ಬನೇ ಕೆಳಗಿಳಿದು ಗಾಳಿ ಕುಡಿದು ವಾಪಸು ಬಂದರೆ, ಲಿಫ್ಟಿನ ಗುಂಡಿಗಳಲ್ಲಿ ಏಳು ಇಲ್ಲವೇ ಇಲ್ಲ! ಅಲ್ಲಿನ ಲಿಫ್ಟು ಎಲ್ಲ ಮಹಡಿಯಲ್ಲೂ ನಿಲ್ಲುವುದಿಲ್ಲವಂತೆ. ಐದು ಒತ್ತಿ ಇಳಿದೆ, ಮೆಟ್ಟಿಲು ಹತ್ತಿದೆ, ಲೆಕ್ಕ ಹಾಕಿ ಬಾಗಿಲು ತಟ್ಟಿದೆ. ತೆರೆದದ್ದು ಒಬ್ಬ ಚೀನೀ ಅಜ್ಜಿ. ಮಹಡಿ ಸರಿಯಾಗಿತ್ತು, ಬಾಗಿಲೂ ಸರಿಯಾಗಿತ್ತು, ಕಟ್ಟಡ ಮಾತ್ರ ಬೇರೆ. ಅಜ್ಜಿಗೆ ಗಾಬರಿಯೇನೂ ಆಗಲಿಲ್ಲ. ನನ್ನ ಅಂಗಿಯ ತೋಳು ಹಿಡಿದು ಕಾರಿಡಾರಿನ ಕೊನೆಯವರೆಗೆ ನಡೆಸಿಕೊಂಡು ಹೋಗಿ, ಎದುರಿನ ಕಟ್ಟಡವನ್ನು ಬೆರಳಲ್ಲಿ ತೋರಿಸಿ, ಬೆನ್ನು ತಟ್ಟಿ ಕಳಿಸಿದಳು. ಇಂಥ ಗಿರಾಕಿಗಳು ಆಗಾಗ ಬರುತ್ತಿರಬೇಕು.

ಮನೆಯಲ್ಲಿ ಹೇಳಿದರೆ ಶ್ರೀಧರನ ಮಗಳು ಬಿದ್ದು ಬಿದ್ದು ನಕ್ಕಳು. "ಮಾವಾ, ಯೂ ಸೋ ಬ್ಲರ್ ಲಾ!"

"ಹಾಗಂದ್ರೆ ಏನಮ್ಮಾ? ದಡ್ಡ ಅಂತಾನಾ?"

"ದಡ್ಡ ಅಲ್ಲ ಭಾವ, ಕನ್‌ಫ್ಯೂಸ್ ಆಗಿರೋರು ಅಂತ" ಎಂದು ಶ್ರೀಧರ ನನ್ನ ಮರ್ಯಾದೆ ಉಳಿಸಿದ. ಅವನ ಹೆಂಡತಿ ಲತಾ ನಾನು ತಂದಿದ್ದ ಖಾರಾ ಬಿಸ್ಕತ್ತಿನ ಡಬ್ಬ ತೆರೆದು ಮೂಗಿಗೆ ಹಿಡಿದು, "ಅಣ್ಣಾ, ಮಂಡ್ಯನೇ ಬಂದಂಗಾಯ್ತು" ಎಂದಳು. ಸನ್ಮಾನಕ್ಕೆ ಅಷ್ಟು ಸಾಕು.

ಲಿಮ್‌ನ ಕಾರ್ಖಾನೆ

ಲಿಮ್ ಎಂಬಾತ ಫ್ರಾನ್ಸಿನಿಂದ ಭಟ್ಟಿ ತರಿಸಿ ಮಾರುವವನು. ಕೊಂಡುಕೊಳ್ಳುವವರು ಅವನ ಕಾರ್ಖಾನೆಗೇ ಬಂದು ಒಂದು ವಾರ ಅದರಲ್ಲಿ ಕೆಲಸ ಮಾಡಿ ಕಲಿಯಬೇಕು ಎಂಬುದು ಅವನ ಕಟ್ಟಳೆ. ಮೊದಲ ದಿನ ನನ್ನ ಕೈಗೆ ದಪ್ಪನೆಯ ಪುಸ್ತಕ ಕೊಟ್ಟು, "ಫಸ್ಟ್ ರೀಡ್, ಅಂಕಲ್" ಎಂದ. ನಾನು ಅದನ್ನು ಸ್ಟೂಲಿನ ಮೇಲಿಟ್ಟು, "ಫಸ್ಟ್ ಮೈದಾ" ಎಂದೆ.

ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕರು. ಭಟ್ಟಿ ಜೋಡಿಸುವ ಮಿಸ್ತ್ರಿ, ನಲವತ್ತರ ಆಸುಪಾಸು, ದಪ್ಪ ಮೀಸೆ. ನಮ್ಮ ಕಡೆಯ ಸಾಹೇಬರಿರಬೇಕು ಎಂದುಕೊಂಡು ಹಿಂದಿಯಲ್ಲಿ ಮಾತಾಡಿಸಿದೆ. ಅವನು ಫ್ರೆಂಚಿನಲ್ಲಿ ಉತ್ತರ ಕೊಟ್ಟ. ಹೆಸರು ಮೌಲೂದ್. ಊರು ಅಲ್ಜೀರಿಯಾ, ಆಫ್ರಿಕಾದ ಉತ್ತರದ ಅಂಚಿನಲ್ಲಿರುವ ಅರಬ್ಬರ ದೇಶ. ಚಿಕ್ಕಂದಿನಲ್ಲೇ ಫ್ರಾನ್ಸಿನ ಮಾರ್ಸೇ ಪಟ್ಟಣಕ್ಕೆ ದುಡಿಯಲು ಹೋಗಿದ್ದವನನ್ನು ಭಟ್ಟಿ ಕಂಪನಿಯವರು ಇಲ್ಲಿಗೆ ಕಳಿಸಿದ್ದರು. ಅವನ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಆದ್ದರಿಂದ ನಡಿಗೆ ಹೊಂದಿತು. ಅವನ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಅವನು ತೋಳು ಮಡಿಸಿದಾಗ ಮುಂಗೈಯಲ್ಲಿ ಅಡ್ಡಡ್ಡ ಸುಟ್ಟ ಕಲೆಗಳು ಕಂಡವು. ಅವು ಕಬ್ಬಿಣದ ಭಟ್ಟಿಯ ಕಲೆಗಳಲ್ಲ. ನಾನೂ ನನ್ನ ತೋಳು ಚಾಚಿದೆ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಕೈಯನ್ನೊಬ್ಬರು ನೋಡಿದೆವು.

"ಸೌದೆನಾ?" ಎಂದು ಕೇಳಿದ.

"ಸೌದೆ."

"ನಮ್ಮಪ್ಪಂದೂ" ಎಂದ. ಆ ಗಳಿಗೆಯಿಂದ ನಾನು ಅವನಿಗೆ ಖೂಯಾ ಆದೆ. ಅವರ ಭಾಷೆಯಲ್ಲಿ ಹಾಗೆಂದರೆ ನಮ್ಮಣ್ಣ, ನಮ್ಮ ತಮ್ಮ ಎಂದು.

ಮಧ್ಯಾಹ್ನ ಊಟಕ್ಕೆ ಹಾಕರ್ ಸೆಂಟರಿಗೆ ಹೋದೆವು. ಮೇಲೆ ಸೂರು, ಸುತ್ತ ಅಂಗಡಿಗಳು, ನಡುವೆ ಮೇಜುಗಳು. ಖಾಲಿ ಮೇಜೊಂದರ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿತ್ತು. ಹೋಟೆಲಿನವರ ಉಪಚಾರ ಎಂದುಕೊಂಡು ಬಿಚ್ಚಿ ಕೈ, ಮುಖ, ಕತ್ತು ಒರೆಸಿಕೊಂಡೆ. ಒಬ್ಬ ಹೆಂಗಸು ಊಟದ ತಟ್ಟೆ ಹಿಡಿದು ಬಂದು ನನ್ನನ್ನೇ ದಿಟ್ಟಿಸಿದಳು. ಆ ಪೊಟ್ಟಣ ಅವಳದು. ಜಾಗ ಹಿಡಿಯುವುದಕ್ಕೆ ಇಟ್ಟು ಹೋಗಿದ್ದಳು. ನಾನು ಎದ್ದು ಕೈ ಮುಗಿದೆ, ಮೌಲೂದ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮೂರಲ್ಲಿ ಬ್ರೆಡ್ಡಿನ ಸಾಲಲ್ಲಿ ಬುಟ್ಟಿ ಇಟ್ಟು ಹೋಗ್ತಾರೆ" ಎಂದ.

"ನಮ್ಮಲ್ಲಿ ಸೀಮೆಎಣ್ಣೆ ಸಾಲಲ್ಲಿ ಡಬ್ಬ ಇಟ್ಟು ಹೋಗ್ತಾರೆ. ಡಬ್ಬ ಇಲ್ಲದೋರು ಕಲ್ಲು."

"ಕಲ್ಲು ಯಾರದು ಅಂತ ಹೆಂಗೆ ಗೊತ್ತಾಗುತ್ತೆ?"

"ಜಗಳ ಆಡಿದಾಗ ಗೊತ್ತಾಗುತ್ತೆ."

ಆ ಮಧ್ಯಾಹ್ನ ನನ್ನ ಮೊದಲ ಬ್ರೆಡ್ಡುಗಳೆಲ್ಲ ಸೀದವು. ಕಬ್ಬಿಣಕ್ಕೆ ಇಟ್ಟಿಗೆಯ ತಾಳ್ಮೆ ಇಲ್ಲ. ಸಿಟ್ಟಿನಿಂದ ತಟ್ಟೆ ಎತ್ತಿ ಕಸದ ಡಬ್ಬಿಯತ್ತ ನಡೆದೆ, ಒಂದು ಬ್ರೆಡ್ಡು ಜಾರಿ ನೆಲಕ್ಕೆ ಬಿತ್ತು. ಮೌಲೂದ್ ಬಗ್ಗಿ ಎತ್ತಿಕೊಂಡ, ಮುತ್ತಿಟ್ಟ, ಹಣೆಗೆ ಮುಟ್ಟಿಸಿ, ಕಿಟಕಿಯ ಕಟ್ಟೆಯ ಮೇಲೆ ಎತ್ತರಕ್ಕಿಟ್ಟ. "ಹಕ್ಕಿಗಾದ್ರೂ ಆಗುತ್ತೆ. ಕಾಲಿಗೆ ಸಿಗಬಾರದು."

ಅನ್ನದ ಅಗುಳು ಬಿದ್ದರೆ ನಮ್ಮಮ್ಮ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಉಳಿದ ಬ್ರೆಡ್ಡುಗಳನ್ನು ನಾನೂ ಕಿಟಕಿಯಲ್ಲಿ ಸಾಲಾಗಿಟ್ಟೆ. ಲಿಮ್ ಬಂದು ನೋಡಿ, "ಯೂ ಟೂ ಪ್ರೇ ಫಿನಿಶ್, ದೆನ್ ಕ್ಲೀನ್ ಅಪ್, ಆ?" ಎಂದು ಹೋದ.

ಪುಂಗೋಲ್ ದಕ್ಕೆ

ಭಾನುವಾರ ಮೌಲೂದ್ ನನ್ನನ್ನು ಪುಂಗೋಲ್‌ಗೆ ಕರೆದುಕೊಂಡು ಹೋದ. ಬಸ್ಸಿಳಿದ ಮೇಲೆ ಆ ಸಿಂಗಪುರವೇ ಬೇರೆ. ಹಂದಿ ಸಾಕುತ್ತಿದ್ದವರು ಖಾಲಿ ಮಾಡಿ ಹೋದ ಜಾಗದಲ್ಲಿ ಎದೆಯೆತ್ತರ ಹುಲ್ಲು. ಮುಂದೆ ಇಲ್ಲೂ ದೊಡ್ಡ ಊರು ಕಟ್ಟುತ್ತಾರಂತೆ. ರಸ್ತೆಯ ಕೊನೆಗೆ ಸಮುದ್ರದೊಳಕ್ಕೆ ಚಾಚಿದ ಒಂದು ದಕ್ಕೆ, ಗಾಳ ಹಾಕಿ ಕೂತ ನಾಲ್ಕಾರು ಮುದುಕರು, ಆಚೆ ದಡದಲ್ಲಿ ಮಲೇಷಿಯಾ. ಮೌಲೂದ್ ಪ್ರತಿ ವಾರ ಇಲ್ಲಿಗೆ ಬರುತ್ತಾನಂತೆ. "ಆಚೆ ದಡ ಕಾಣೋ ಸಮುದ್ರ ಆದ್ರೆ ಮನಸ್ಸಿಗೆ ಸಮಾಧಾನ" ಎಂದ.

"ನಿಮ್ಮ ದೇಶದಲ್ಲಿ ಏನೋ ಗಲಾಟೆ ಅಂತ ಪೇಪರಲ್ಲಿ ನೋಡಿದ್ದೆ" ಎಂದೆ, ಮಾತಿಗೆ.

"ಗಲಾಟೆ ಅಲ್ಲ ಖೂಯಾ. ಗಲಾಟೆ ಸಾಯಂಕಾಲಕ್ಕೆ ಮುಗಿಯುತ್ತೆ. ಇದು ನಾಲ್ಕು ವರ್ಷದಿಂದ ನಡೀತಿದೆ." ಆಮೇಲೆ ತಾನೇ ಹೇಳಿದ. "ಎಲೆಕ್ಷನ್ ಆಯ್ತು. ಸರ್ಕಾರಕ್ಕೆ ಆಗದೋರು ಗೆಲ್ಲೋ ಹಾಗೆ ಕಂಡ್ರು. ಅರ್ಧದಲ್ಲೇ ನಿಲ್ಲಿಸಿಬಿಟ್ರು. ವೋಟು ಹಾಕಿದ್ದ ಎಷ್ಟೋ ಹುಡುಗ್ರು ಬಂದೂಕು ತಗೊಂಡು ಗುಡ್ಡ ಹತ್ತಿದ್ರು. ಸರ್ಕಾರ ಸೈನ್ಯ ಕಳಿಸ್ತು. ಸೈನ್ಯದಲ್ಲಿರೋರೂ ನಮ್ಮೂರ ಹುಡುಗ್ರೇ. ಎರಡೂ ಕಡೆಯೋರೂ ಚಿಕ್ಕೋರಿದ್ದಾಗ ನಮ್ಮಂಗಡಿ ಮುಂದೆ ಸಾಲಲ್ಲಿ ನಿಂತೋರೇ."

ಗುಡ್ಡದ ಬುಡದಲ್ಲಿರುವ ಆ ಊರಿನಲ್ಲಿ ಅವರ ಅಪ್ಪನ ಬೇಕರಿಯನ್ನು ಈಗ ತಮ್ಮ ಹಕೀಮ್ ನಡೆಸುತ್ತಿದ್ದಾನೆ. ಹೆಂಡತಿ, ಮಕ್ಕಳಿಲ್ಲ. ಗುಡ್ಡದವರು ಕತ್ತಲಲ್ಲಿ ಇಳಿದು ಬಂದು, ನಮಗೂ ಬ್ರೆಡ್ಡು ಬೇಯಿಸು ಎನ್ನುತ್ತಾರೆ. ಇಲ್ಲ ಎಂದವನ ಕತ್ತು ಉಳಿಯುವುದಿಲ್ಲ. ಬೆಳಗಾದರೆ ಸೈನ್ಯದವರು ಬಂದು, ಇಷ್ಟು ಸಣ್ಣ ಊರಿಗೆ ಇಷ್ಟು ಮೈದಾ ಯಾಕೆ, ಮಿಕ್ಕಿದ್ದು ಯಾರ ಹೊಟ್ಟೆಗೆ ಎಂದು ಕೇಳುತ್ತಾರೆ.

"ಪಕ್ಕದ ಬೀದಿ ಕಟುಕನ್ನ ಗುಡ್ಡದೋರು ಕರ್ಕೊಂಡು ಹೋದ್ರು, ಎದುರು ಬೀದಿ ಹಾಲಿನವನ್ನ ಸೈನ್ಯದೋರು. ಇಬ್ಬರೂ ತಿರುಗಿ ಬರಲಿಲ್ಲ. ಇನ್ನು ಉಳಿದಿರೋನು ಬ್ರೆಡ್ಡಿನವನು."

ಇನ್ನೊಂದು ಮಾತು ಹೇಳಿದ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಫ್ರೆಂಚರು ಆಳುತ್ತಿದ್ದಾಗ ಅವರ ವಿರುದ್ಧ ಬಂದೂಕು ಹಿಡಿದವರೂ ಅದೇ ಗುಡ್ಡದಲ್ಲೇ ಅಡಗಿದ್ದರಂತೆ. ಅವರಿಗೆ ಬ್ರೆಡ್ಡು ಹೊತ್ತವನು ಇವರಪ್ಪ. ಗೆದ್ದ ಮೇಲೆ ಊರಿನವರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು, ಅವನು ಆ ಖುಷಿಯಲ್ಲಿ ತನ್ನ ಕೈಯಾರೆ ಭಟ್ಟಿ ಕಟ್ಟಿದ. "ಅದೇ ದಾರಿ, ಅದೇ ಬ್ರೆಡ್ಡು. ಅಪ್ಪನಿಗೆ ಹೆಸರು ಬಂತು, ತಮ್ಮನಿಗೆ ಸಾವು ಬರುತ್ತೆ."

"ಅಲ್ಲಿಂದ ಹೊರಡಿಸೋಕಾಗಲ್ವಾ?"

"ಎಲ್ಲಾ ಆಗಿದೆ. ಮಾರ್ಸೇನಲ್ಲಿ ಒಬ್ಬ ಬೇಕರಿಯವನು ಕೆಲಸ ಕೊಡ್ತಾನೆ. ವೀಸಾ ಪೇಪರ್ರು ಕೈಗೆ ಬಂದಿದೆ. ನಮ್ಮ ಚಿಕ್ಕಪ್ಪನ ಮಗನ ತರಕಾರಿ ಲಾರಿ ಬಂದರಿಗೆ ಹೋಗುತ್ತೆ. ಅವನೇ ಬರ್ತಿಲ್ಲ."

"ಯಾಕೆ?"

ಅವನು ನನ್ನ ಮುಖ ನೋಡಿದ. "ಭಟ್ಟಿ" ಎಂದ. "ಅಪ್ಪ ಹಚ್ಚಿದ ಮೇಲೆ ಅದು ಒಂದು ದಿನವೂ ಆರಿಲ್ಲ. ಆರಿಸಿದ್ರೆ ಗುಮ್ಮಟ ಬಿರಿಯುತ್ತೆ, ಅಪ್ಪನ ಕೈ ಮುರಿದಂಗೆ ಅಂತಾನೆ. ಹಾಗಾಗಲ್ಲ ಅಂತ ನಾನು ಹೇಳಿದ್ರೆ, ನೀನು ಸ್ಕ್ರೂ ತಿರುಗಿಸೋನು, ನಿನಗೇನು ಗೊತ್ತು ಅಂತಾನೆ. ನೀನು ನಗ್ತೀಯ ಅನ್ಕೊಂಡಿದ್ದೆ."

ನಗುವುದೇನು ಬಂತು? ಇಂಥದ್ದು ಓದಿದವರಿಗೆ ಹುಚ್ಚೆಂದು ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ, ಯಾಕೆಂದರೆ ನಾನೂ ಒಮ್ಮೆ ಅದೇ ಜಾಗದಲ್ಲಿ ನಿಂತಿದ್ದೆ.

ತೊಂಬತ್ತೊಂದರ ಕಾವೇರಿ ಗಲಾಟೆಯ ಸಮಯ. ನನ್ನ ಭಟ್ಟಿ ನೋಡಿಕೊಳ್ಳುವವನು ಮುರುಗೇಶ, ತಮಿಳಿನವನು. ನನ್ನ ಬೇಕರಿ ಆರಂಭವಾದಂದಿನಿಂದ ಇದ್ದಾನೆ. ಅಂಗಡಿಯ ಮುಂದೆ ಜನ ಬಂದು, "ಒಳಗಿರೋನ್ನ ಕಳಿಸು" ಎಂದರು. ಅವರಲ್ಲಿ ಅರ್ಧ ಜನ ನನ್ನ ಬನ್ನು ತಿಂದು ಬೆಳೆದವರು. ಮುರುಗೇಶನನ್ನು ಮೈದಾ ಚೀಲಗಳ ನಡುವೆ ಕೂರಿಸಿ ಬ್ರೆಡ್ಡಿನ ವ್ಯಾನಿನಲ್ಲಿ ನನ್ನ ಮಾವನ ಹಳ್ಳಿಗೆ ಕಳಿಸಿದೆ. ಹೊರಡುವಾಗ ಅವನು ಅತ್ತದ್ದು ಜೀವಕ್ಕಲ್ಲ. "ಭಟ್ಟಿ ಆರೋಗುತ್ತೆ ಯಜಮಾನ್ರೇ, ನಾನಿಲ್ಲೇ ಇರ್ತೀನಿ" ಎಂದು. ಅದನ್ನು ಆರಿಸಿದವನು ನಾನೇ. ಆರಿಸುವುದಕ್ಕೂ ಒಂದು ರೀತಿ ಇದೆ.

ಇದನ್ನು ಕೇಳುತ್ತಾ ಮೌಲೂದ್ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. "ಬಿರುಕು ಬಿಡಲಿಲ್ವಾ?"

"ಕೂದಲೆಳೆಯಷ್ಟೂ ಇಲ್ಲ. ಮುರುಗೇಶ ವಾಪಸು ಬಂದು ಅವನೇ ಹಚ್ಚಿದ."

"ಶುಕ್ರವಾರ ಹಕೀಮ್‌ಗೆ ಫೋನ್ ಮಾಡ್ತೀನಿ. ಇದನ್ನ ನೀನು ಹೇಳು. ನನ್ನ ಮಾತು ಕೇಳಲ್ಲ, ಭಟ್ಟಿಯವನ ಮಾತು ಕೇಳ್ತಾನೆ."

ಪಕ್ಕದ ಮುದುಕನ ಗಾಳಕ್ಕೆ ಬೆರಳುದ್ದದ ಮೀನು ಸಿಕ್ಕಿತ್ತು. ಅವನು ಅದನ್ನು ಬಿಡಿಸಿ ನೀರಿಗೆ ಎಸೆದ. ನಾನು ಹೂಂ ಎಂದೆ.

ಮತ್ತೆ ಬಿಶಾನ್

ಊಟದ ಹೊತ್ತಿಗೆ ಇದನ್ನು ಹೇಳಿದ್ದೇ ತಡ, ಶ್ರೀಧರ ಸಾರಿನ ಸೌಟು ಕೆಳಗಿಟ್ಟ.

"ಭಾವ, ಪ್ಲೀಸ್. ಇದರಲ್ಲಿ ಇನ್ವಾಲ್ವ್ ಆಗಬೇಡಿ. ಅಲ್ಲಿ ಟೆರರಿಸ್ಟ್‌ಗಳಿದಾರೆ, ಆರ್ಮಿ ಇದೆ. ನಾಳೆ ಯಾರಾದ್ರೂ ಚೆಕ್ ಮಾಡಿದ್ರೆ? ಇಲ್ಲೇ ಕಾಯಂ ಆಗಿ ಇರೋಕೆ ಹಾಕಿರೋ ನನ್ನ ಪಿಆರ್ ಅಪ್ಲಿಕೇಶನ್ ಪ್ರೋಸೆಸ್ ಆಗ್ತಿದೆ."

ಅವನ ಮೇಲೆ ನನಗೆ ಕೋಪ ಬರಲಿಲ್ಲ. ಪರದೇಶದಲ್ಲಿ ಕಾಲೂರುವವನಿಗೆ ತನ್ನ ಕಾಲಡಿಯ ನೆಲದ ಮೇಲೆಯೇ ಕಣ್ಣಿರಬೇಕು. ನಾನು ಬೆಂಗಳೂರಿಗೆ ಹೋದ ಹೊಸತರಲ್ಲಿ ಪೊಲೀಸಿನವರನ್ನು ಕಂಡರೆ ತಪ್ಪಿಲ್ಲದೆಯೂ ಪಕ್ಕಕ್ಕೆ ಸರಿಯುತ್ತಿದ್ದೆ.

"ರೀ, ಭಟ್ಟಿ ಆರಿಸೋದು ಹೇಗೆ ಅಂತ ಹೇಳಿದ್ರೆ ಯಾವ ಪೊಲೀಸ್ ಹಿಡೀತಾರ್ರೀ?" ಎಂದಳು ಲತಾ. ಅವಳ ತವರು ನನ್ನ ಅಂಗಡಿಯ ಹಿಂದಿನ ಬೀದಿ. "ಆ ವರ್ಷ ನೀವು ಇಲ್ಲಿದ್ರಿ, ಟೀವೀಲಿ ನೋಡಿದ್ರಿ. ನಾನು ಅಲ್ಲಿದ್ದೆ. ಮುರುಗೇಶನ ಹೆಂಡ್ತಿ ನಮ್ಮನೆ ಅಡುಗೆಮನೇಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ಲು."

ಶ್ರೀಧರ ಊಟ ಮುಗಿಸಿ ಎದ್ದ. ಕೈ ತೊಳೆದು ಬಂದ ಮೇಲೆ, "ನಿಮ್ಮಿಷ್ಟ ಭಾವ. ನಮ್ಮನೆ ನಂಬರ್ ಮಾತ್ರ ಕೊಡಬೇಡಿ" ಎಂದ.

ನಂಬರಿನ ಚಿಂತೆ ನನಗಿರಲಿಲ್ಲ. ಇದ್ದದ್ದು ಇನ್ನೊಂದು. ಆ ದೇಶದ ರಸ್ತೆಗಳಲ್ಲಿ ಲಾರಿ ತಡೆಯುವವರು ಸೈನ್ಯದ ಬಟ್ಟೆಯಲ್ಲೇ ಇರುತ್ತಾರಂತೆ, ಆದರೆ ಅವರು ಸೈನ್ಯದವರೋ, ಆ ಬಟ್ಟೆ ತೊಟ್ಟ ಗುಡ್ಡದವರೋ ಗೊತ್ತಾಗುವುದಿಲ್ಲವಂತೆ. ಯಾರ ಕಡೆಯವನು ಎಂದು ಕೇಳಿದರೆ ಯಾವ ಉತ್ತರಕ್ಕೂ ಗುಂಡು ಬೀಳಬಹುದು. ಉಳಿದರೆ ಹಕೀಮ್ ಸಾಯುತ್ತಾನೆ, ಅದು ಸರಿ. ನನ್ನ ಮಾತು ನಂಬಿ ಹೊರಟು ದಾರಿಯಲ್ಲಿ ಸತ್ತರೆ? ಮುಖವನ್ನೇ ನೋಡದವನ ಜೀವಕ್ಕೆ ನಾನು ಯಾವ ಧೈರ್ಯದ ಮೇಲೆ ಬುದ್ಧಿ ಹೇಳಲಿ? ಆ ವಾರ ಕಬ್ಬಿಣದ ಭಟ್ಟಿಯ ಗುಂಡಿಗಳನ್ನೆಲ್ಲ ಕಲಿತೆ, ಈ ಪ್ರಶ್ನೆಯನ್ನು ಹೊತ್ತುಕೊಂಡೇ.

ಶುಕ್ರವಾರ

ಮೌಲೂದ್ ಮಸೀದಿಯಿಂದ ಬಂದಾಗ ಮೂರು ಗಂಟೆ ದಾಟಿತ್ತು. ಅಲ್ಲಿ ಅದು ಬೆಳಗಿನ ಹೊತ್ತು, ಹಕೀಮ್ ಮೊದಲ ಬ್ರೆಡ್ಡು ತೆಗೆದು ಕೂರುವ ಸಮಯ. ಕಾರ್ಖಾನೆಯ ಫೋನು ಲಿಮ್‌ನ ಮೇಜಿನ ಮೇಲಿತ್ತು. "ಆಫೀಸ್ ಫೋನ್, ಆ. ಓವನ್ ಟಾಕ್ ಓನ್ಲಿ" ಎಂದು ಗದರಿದವನೇ ಎದ್ದು ಹೋಗಿ ಹಿಟ್ಟು ಕಲಸುವ ಯಂತ್ರ ನಿಲ್ಲಿಸಿದ. ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ. ಯಾರೋ ಗಿರಾಕಿ ಬಂದಾಗ, "ಟುಮಾರೋ, ಟುಮಾರೋ" ಎಂದು ಓಡಿಸಿದ್ದು ನನಗೆ ಕೇಳಿಸಿತು.

ಓವನ್ನಿನ ಮಾತು ಮಾತ್ರ ಎಂಬುದೇ ನಮಗೂ ಬೇಕಿತ್ತು. ಆ ದೇಶದಲ್ಲಿ ಫೋನನ್ನು ಯಾರು ಕದ್ದು ಕೇಳುತ್ತಾರೋ ತಿಳಿಯದು. ಲಾರಿ, ಬಂದರು ಯಾವುದನ್ನೂ ಎತ್ತಬಾರದೆಂದು ಮೌಲೂದ್ ಮೊದಲೇ ಹೇಳಿದ್ದ. ಅದೆಲ್ಲ ಹಕೀಮನಿಗೆ ಗೊತ್ತೇ ಇತ್ತು.

ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಮೌಲೂದ್ ನನ್ನ ಕಡೆ ತಿರುಗಿದ. "ನೀನು ಯಾರು ಅಂತ ಕೇಳ್ತಿದಾನೆ. ಇಂಡಿಯಾದ ಮಾಸ್ಟರ್ ಅಂದೆ. ನಂಬ್ತಿಲ್ಲ. ಯಾವ ಸೌದೆ ಅಂತೆ?"

"ಸರ್ವೆ. ಕಾವು ನಿಲ್ಲಬೇಕಾದ್ರೆ ಹುಣಿಸೆ." ಆ ಮರಗಳ ಇಂಗ್ಲಿಷ್ ಹೆಸರು ನನಗೆ ಬಾರದು. "ಹಣ್ಣಿನ ಮರ, ಗಟ್ಟಿ ಮರ" ಎಂದೆ.

"ಅವನದು ಆಲಿವ್ ಮರ. ಕಾವು ಹದ ಆಯ್ತು ಅಂತ ಹೆಂಗೆ ತಿಳ್ಕೊತೀಯ ಅಂತೆ?"

"ಒಂದು ಚಿಟಿಕೆ ಮೈದಾ ಒಳಗೆ ಎರಚ್ತೀನಿ. ಕಪ್ಪಾದ್ರೆ ಕಾಯಬೇಕು, ಕೆಂಪಾದ್ರೆ ಬ್ರೆಡ್ಡು ಇಡಬೇಕು."

ಮೌಲೂದ್ ಅದನ್ನು ಹೇಳಿದಾಗ ಫೋನಿನೊಳಗಿಂದ ನಗು ಕೇಳಿತು. ಅಷ್ಟು ದೂರದಿಂದ ಬಂದ ನಗು, ನಮ್ಮ ಮುರುಗೇಶನ ಹಾಗೆಯೇ ಗಂಟಲಲ್ಲಿ ಹೊಗೆ ಕೂತವನ ನಗು. ಇನ್ನು ಮುಖ ಕಾಣದವನು ಎಂದು ಹೇಳುವ ಹಾಗಿರಲಿಲ್ಲ.

"ಹೇಳು" ಎಂದ ಮೌಲೂದ್. "ಅವನೇ ಕೇಳ್ತಿದಾನೆ. ಬಿರುಕು ಬಿಡದ ಹಾಗೆ ಆರಿಸೋದು ಹೇಗೆ?"

ನಾನು ಎದ್ದು ನಿಂತು ಹೇಳಿದೆ. ಭಟ್ಟಿಯ ಮಾತನ್ನು ಕೂತು ಹೇಳಿ ಅಭ್ಯಾಸವಿಲ್ಲ. "ಕೆಂಡ ಎಳೆದುಹಾಕಬೇಡ. ಒಳಗೇ ಹರಡು, ಮೇಲೆ ಬೂದಿ ಹೊದಿಸು, ದಪ್ಪಕ್ಕೆ. ನೀರು ಒಂದು ಹನಿ ಬೀಳಬಾರದು. ಹೊಗೆಗಿಂಡಿ ಮುಚ್ಚು. ಬಾಯಿಗೆ ಹಲಗೆ ಕೊಟ್ಟು, ಗೋಣಿ ತೂಗುಬಿಟ್ಟು, ಸುತ್ತ ಜೇಡಿಮಣ್ಣು ಮೆತ್ತು. ಗಾಳಿ ನುಗ್ಗಬಾರದು. ಇಟ್ಟಿಗೆ ತಣ್ಣಗಾಗೋಕೆ ಹೆದರಲ್ಲ, ಬೇಗ ತಣ್ಣಗಾಗೋಕೆ ಹೆದರುತ್ತೆ. ನಿಧಾನಕ್ಕೆ ಬಿಟ್ಟರೆ ಮಲಗಿದ ಹಾಗೆ ಮಲಗುತ್ತೆ."

ಮೌಲೂದ್ ಒಂದೊಂದೇ ಮಾತನ್ನು ದಾಟಿಸಿದ. ನಡುನಡುವೆ ಹಕೀಮ್ ಏನೋ ಕೇಳುತ್ತಿದ್ದ, ಮಣ್ಣಿಗೆ ಹೊಟ್ಟು ಸೇರಿಸಬೇಕೇ, ಗೋಣಿ ಒದ್ದೆ ಇರಬೇಕೇ ಎಂದು. ಕಸುಬಿನವನ ಪ್ರಶ್ನೆಗಳು. ಆಮೇಲೆ ತಂತಿಯಲ್ಲಿ ಬರಿಯ ಸಮುದ್ರದ ಹಾಗೆ ಸದ್ದು.

"ಊರಿನವರಿಗೆ ಬ್ರೆಡ್ಡು ಯಾರು ಕೊಡ್ತಾರೆ ಅಂತಿದಾನೆ."

ಈ ಪ್ರಶ್ನೆಯನ್ನು ನಾನು ಎದುರುನೋಡಿರಲಿಲ್ಲ. ಬಾಯಿಗೆ ನಿಜವಾದದ್ದೇ ಬಂತು. "ನನ್ನ ಭಟ್ಟಿ ಆರಿದಾಗ ನಮ್ಮೂರಿನವರು ಬೇರೇನೋ ತಿಂದ್ಕೊಂಡು ಬದುಕಿದ್ರು. ಯಾರೂ ಸಾಯಲಿಲ್ಲ. ನಾನು ಮುರುಗೇಶನ್ನ ಅವತ್ತು ಕಳಿಸದೆ ಇದ್ದಿದ್ರೆ, ಇವತ್ತು ನನ್ನ ಹತ್ರ ಇಟ್ಟಿಗೆ ಗುಡ್ಡೆ ಇರ್ತಿತ್ತು, ಭಟ್ಟಿ ಇರ್ತಿರಲಿಲ್ಲ. ಬೆಂಕಿನ ಮತ್ತೆ ಹಚ್ಚಬಹುದು, ಅವನನ್ನ ಎಲ್ಲಿಂದ ತರ್ಲಿ? ಹೇಳು ನಿನ್ನ ತಮ್ಮನಿಗೆ."

ಮೌಲೂದ್ ಮೀಸೆ ಕಚ್ಚಿಕೊಂಡು ಅದನ್ನು ದಾಟಿಸಿದ.

ಆ ಕಡೆಯಿಂದ ಬಂದದ್ದು ಒಂದು ಪ್ರಶ್ನೆ. ಮೌಲೂದನ ಕಣ್ಣು ಅರಳಿತು. "ಮತ್ತೆ ಹಚ್ಚುವಾಗ ಹೇಗೆ ಅಂತ ಕೇಳ್ತಿದಾನೆ!"

"ಅದಕ್ಕೆ ಆತುರ ಮಾಡಬಾರದು. ಮೊದಲು..." ಎಂದೆ, ಅಷ್ಟರಲ್ಲಿ ಲೈನು ಸತ್ತುಹೋಯಿತು. ಮೌಲೂದ್ ಮತ್ತೆ ಮತ್ತೆ ನಂಬರ್ ತಿರುಗಿಸಿದ. ಸಿಗಲೇ ಇಲ್ಲ. ಲಿಮ್ ತಿರುಗಿ ನೋಡಿದ, ಹೋಗಿ ಮೂರು ಲೋಟ ಕಾಫಿ ತಂದಿಟ್ಟ.

ಮರುದಿನ ನಾನು ವಿಮಾನ ಹತ್ತಿದೆ. ಅಲ್ಲಿಯವರೆಗೆ ಯಾವ ಸುದ್ದಿಯೂ ಇರಲಿಲ್ಲ. ಬೀಳ್ಕೊಡಲು ಬಂದ ಶ್ರೀಧರ ನನ್ನ ಚೀಲ ಕೆಳಗಿಟ್ಟು, "ಭಾವ, ಏನಾದ್ರೂ ಗೊತ್ತಾದ್ರೆ ನನಗೂ ಹೇಳಿ. ಮನೆ ನಂಬರಿಗೇ ಮಾಡಿ" ಎಂದ.

ಮಂಡ್ಯ

ಕಬ್ಬಿಣದ ಭಟ್ಟಿ ಹಡಗಿನಲ್ಲಿ ಬಂತು. ಅದನ್ನು ನೋಡಲು ಊರಿಗೆ ಊರೇ ಬಂದಿತ್ತು. ಮುರುಗೇಶ ಅದರ ಸುತ್ತ ಒಂದು ಸುತ್ತು ಹಾಕಿ, "ಬೀರು ಥರ ಇದೆ ಯಜಮಾನ್ರೇ" ಎಂದು ತನ್ನ ಇಟ್ಟಿಗೆ ಭಟ್ಟಿಯ ಕಡೆಗೇ ಹೋದ.

ದೀಪಾವಳಿಯ ಹಿಂದಿನ ವಾರ, ಅಂಗಡಿಯಲ್ಲಿ ಜನ ಮುತ್ತಿಕೊಂಡಿದ್ದಾಗ ಫೋನ್ ಬಂತು. "ಖೂಯಾ!" ಮೌಲೂದ್ ರಜೆಯಲ್ಲಿ ಮಾರ್ಸೇಗೆ ಹೋಗಿದ್ದ. ಅಲ್ಲಿಂದ ಮಾತಾಡುತ್ತಿದ್ದ.

ಹಕೀಮ್ ಬಂದಿದ್ದಾನೆ, ಬದುಕಿದ್ದಾನೆ. ಒಂದು ಬೆಳಿಗ್ಗೆ ಕೊನೆಯ ಬ್ರೆಡ್ಡು ಮಾರಿ, ಭಟ್ಟಿಗೆ ಬೂದಿ ಹೊದಿಸಿ, ಬಾಯಿಗೆ ಮಣ್ಣು ಮೆತ್ತಿ, ಈರುಳ್ಳಿ ಚೀಲಗಳ ಜೊತೆ ಲಾರಿ ಹತ್ತಿದನಂತೆ. ದಾರಿಯಲ್ಲಿ ಎರಡು ಕಡೆ ತಡೆದರಂತೆ. ಅವರು ಯಾರ ಕಡೆಯವರೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಕೈಯಲ್ಲಿ ಬ್ರೆಡ್ಡಿನ ಬುಟ್ಟಿ ಇತ್ತು, ಕೊಟ್ಟು ಮುಂದೆ ಬಂದ.

ನಾನು ಶ್ರೀಧರನಿಗೆ ಹೇಳಬೇಕು, ಮುರುಗೇಶನಿಗೆ ಹೇಳಬೇಕು ಎನ್ನುತ್ತಿರುವಾಗ ಮೌಲೂದ್ ದನಿ ತಗ್ಗಿಸಿದ. "ಇನ್ನೊಂದು ವಿಷಯ ಇದೆ. ಅವನು ಒಳಗಿದಾನೆ, ನಾನು ಬಾಗಿಲು ಹಾಕ್ಕೊಂಡು ಹೇಳ್ತಿದೀನಿ. ಭಟ್ಟಿ ಹೋಯ್ತು."

ಬಾಯಿಗೆ ಮಣ್ಣು ಮೆತ್ತಿದ್ದನ್ನು ಕಂಡು, ಒಳಗೆ ಏನನ್ನೋ ಬಚ್ಚಿಟ್ಟಿದ್ದಾನೆ ಎಂದು ಯಾರೋ ಗುಮ್ಮಟವನ್ನೇ ಒಡೆದು ನೋಡಿದರಂತೆ. ಗುಡ್ಡದವರೋ, ಸೈನ್ಯದವರೋ ತಿಳಿಯದು. ಸಿಕ್ಕಿದ್ದು ಬೂದಿ. ಜೀವ ಉಳಿಸಲು ನಾನು ಹೇಳಿಕೊಟ್ಟ ಮಣ್ಣಿನ ಮೆತ್ತೆಯೇ ಅವರಪ್ಪನ ಭಟ್ಟಿಗೆ ಮುಳುವಾಯಿತು.

"ಹಕೀಮ್‌ಗೆ ಗೊತ್ತಾ?"

"ಇಲ್ಲ. ಹೇಳೋಕೆ ನನ್ನ ಕೈಲಾಗ್ತಿಲ್ಲ. ಬೇರೆಯವರ ಬೇಕರೀಲಿ ಕರೆಂಟಿನ ಭಟ್ಟಿ ಮುಂದೆ ನಿಂತಿರ್ತಾನೆ. ದಿನಾ ಒಂದೇ ಮಾತು, ಇಂಡಿಯಾದ ಮಾಸ್ಟರ್‌ಗೆ ಫೋನ್ ಮಾಡು ಅಂತ. ಕೊಡ್ಲಾ?"

ಬೇಡ ಎನ್ನುವ ಮೊದಲೇ ಬಾಗಿಲು ತೆರೆದ ಸದ್ದಾಯಿತು. ಆ ಗಂಟಲಿನ ಹೊಗೆ ನನಗೆ ಗುರುತು ಸಿಕ್ಕಿತು. ಹಕೀಮ್ ಕೇಳಿದ, ಮೌಲೂದ್ ಹೇಳಿದ. "ಅವತ್ತು ಲೈನ್ ಕಟ್ ಆಯ್ತಲ್ಲ. ಮತ್ತೆ ಹಚ್ಚೋದು ಹೇಗೆ ಅಂತ ನೀನು ಹೇಳಲಿಲ್ಲ ಅಂತಿದಾನೆ."

ಅಂಗಡಿಯ ಮುಂದೆ, "ಅರ್ಧ ಕೇಜಿ ಬೆಣ್ಣೆ ಬಿಸ್ಕತ್ ಕೊಡಿ ಸಾರ್, ಬಸ್ ಹೊರಡುತ್ತೆ" ಎಂದು ಕೂಗುತ್ತಿದ್ದರು. ಹಿಂದೆ ಮುರುಗೇಶ ಉದ್ದ ಹಿಡಿಯ ಹಲಗೆಯಲ್ಲಿ ಬನ್ನು ತೆಗೆಯುತ್ತಿದ್ದ. ನಾನು ಎದ್ದು ನಿಂತೆ.

"ಆತುರ ಮಾಡಬಾರದು" ಎಂದೆ. "ಮೊದಲ ದಿನ ಬರೀ ಪುಳ್ಳೆ. ಹಿಡಿಯಷ್ಟೇ. ಬಾಗಿಲು ತೆರೆದಿಡು. ಎರಡನೇ ದಿನ ಇನ್ನೊಂದು ಸ್ವಲ್ಪ. ಇಟ್ಟಿಗೆ ಬೆವರುತ್ತೆ, ಒಳಗಿಂದ ನೀರು ತೊಟ್ಟಿಕ್ಕುತ್ತೆ. ಹೆದರಬೇಡ, ಒರೆಸಬೇಡ, ಅದು ತಾನಾಗೇ ಆರಬೇಕು. ಬೆವರು ನಿಂತ ಮೇಲೆ ದೊಡ್ಡ ಸೌದೆ. ಮೊದಲ ಬ್ರೆಡ್ಡು ಚೆನ್ನಾಗಿ ಬರಲ್ಲ. ಬೇಜಾರು ಮಾಡ್ಕೋಬೇಡ. ಎರಡನೇದು ನಿಮ್ಮಪ್ಪನ ಕಾಲದ ಹಾಗೇ ಬರುತ್ತೆ."

ಮೌಲೂದ್ ಒಂದನ್ನೂ ಬಿಡದೆ ದಾಟಿಸಿದ. ಇಟ್ಟಿಗೆ ಬೆವರುತ್ತದೆ ಎಂಬಲ್ಲಿ ಮಾತ್ರ ಒಮ್ಮೆ ನಿಂತು ಉಸಿರೆಳೆದುಕೊಂಡ. ಹಕೀಮ್ ಎರಡು ಸಲ ನಡುವೆ ತಡೆದು, ಪುಳ್ಳೆ ಎಷ್ಟು ದಪ್ಪ, ಎಷ್ಟು ಹೊತ್ತು ಎಂದು ವಿಚಾರಿಸಿಕೊಂಡ. ಕೇಳಿದ್ದಕ್ಕೆಲ್ಲ ಹೇಳಿದೆ, ಒಡೆದ ಗುಮ್ಮಟದ ಮಾತೊಂದನ್ನು ಬಿಟ್ಟು. ಕೊನೆಗೆ ಅವನೇ ನೇರವಾಗಿ, "ಮೆರ್ಸಿ, ಖೂಯಾ" ಎಂದು ಫ್ರೆಂಚಿನಲ್ಲಿ ಉಪಕಾರ ನೆನೆದ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಬೇಕರಿ, ಒಂದು ವ್ಯಾನು, ಐದು ಜನ ಕೆಲಸದವರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಭಟ್ಟಿ ಎರಡು. ಎರಡೂ ಬಿಸಿಯಾಗಿವೆ.